ತರಗತಿಯಲ್ಲಿ ರೋಬೋ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾಲ್ಕನೇ ತರಗತಿಗೆ ವಿಜ್ಞಾನ ಕಲಿಸುತ್ತೇನೆ. ರೋಬೋಟಿಕ್ಸ್ ಕಿಟ್ಟೂ ಇಲ್ಲ, ಕಂಪ್ಯೂಟರೂ ಇಲ್ಲ. 30 ಮಕ್ಕಳನ್ನು ಇಟ್ಟುಕೊಂಡು ಎಲ್ಲಿಂದ ಶುರು ಮಾಡಲಿ?

ಉತ್ತರ: ಗೀಚುತ್ತಾ ಓಡಾಡುವ ಲೋಟದಿಂದ ಶುರು ಮಾಡಿ. ಗುಂಪಿಗೆ ಮೂರೇ ಮಕ್ಕಳಿರಲಿ. ಹೆಚ್ಚಾದರೆ ಯಾರಾದರೊಬ್ಬರು ಸುಮ್ಮನೆ ನೋಡುತ್ತಾ ಕೂರುತ್ತಾರೆ. ಪ್ರತಿ ಗುಂಪಿಗೆ ಒಂದು ದೊಡ್ಡ ಕಾಗದದ ಲೋಟ, ಮೂರು ಸ್ಕೆಚ್ ಪೆನ್, ಆಟಿಕೆಗಳಲ್ಲಿರುವಂಥ 3 ವೋಲ್ಟಿನ ಡಿಸಿ ಮೋಟರ್, ಎರಡು ಎಎ ಸೆಲ್, ಅವಕ್ಕೆ ಹೋಲ್ಡರ್, 15 ಸೆಂ.ಮೀ. ಉದ್ದದ ಎರಡು ವೈರು, ಅಳಿಸುವ ರಬ್ಬರಿನ ಒಂದು ತುಂಡು, ಟೇಪು ಸಾಕು.

ಲೋಟವನ್ನು ಬೋರಲಿಟ್ಟು, ಪೆನ್ನುಗಳನ್ನು ಹೊರಮೈಗೆ ಸಮ ಅಂತರದಲ್ಲಿ ಟೇಪು ಹಾಕಿ ಅಂಟಿಸಿ. ಮೊನೆ ಲೋಟದ ಅಂಚಿನಿಂದ 2 ಸೆಂ.ಮೀ. ಕೆಳಗಿಳಿದಿರಲಿ. ಲೋಟ ಬಾಯಿಯ ಕಡೆಗೆ ಅಗಲವಾದ್ದರಿಂದ ಕಾಲುಗಳು ತಾವಾಗಿಯೇ ಹರಡಿಕೊಂಡು ಗಟ್ಟಿಯಾಗಿ ನಿಲ್ಲುತ್ತವೆ. ತಲೆಯ ಮೇಲೆ ಹೋಲ್ಡರನ್ನು ಅಂಟಿಸಿ, ಅದರ ಮೇಲೆ ಮೋಟರನ್ನು ಅಡ್ಡಲಾಗಿ ಮಲಗಿಸಿ. ಮೋಟರಿನ ತಿರುಗುವ ಕಡ್ಡಿ ಲೋಟದಿಂದ ಹೊರಗೆ ಚಾಚಿರಬೇಕು. ಆ ಕಡ್ಡಿಗೆ 1.5 ಸೆಂ.ಮೀ. ಉದ್ದದ ರಬ್ಬರ್ ತುಂಡನ್ನು ಚುಚ್ಚಿ. ನಡುವಿಗೆ ಚುಚ್ಚಬೇಡಿ, ಒಂದು ತುದಿಗೆ ಚುಚ್ಚಿ. ನೆಲಕ್ಕೆ ದೊಡ್ಡ ಹಾಳೆ ಹಾಸಿ, ಪೆನ್ನಿನ ಮುಚ್ಚಳ ತೆಗೆದು, ಮೋಟರಿಗೂ ಹೋಲ್ಡರಿಗೂ ವೈರು ಸೇರಿಸಿ. ರಬ್ಬರಿನ ಭಾರ ಒಂದೇ ಪಕ್ಕಕ್ಕಿರುವುದರಿಂದ ಸುತ್ತುವಾಗ ಲೋಟವನ್ನು ಅತ್ತಿತ್ತ ಎಳೆದಾಡುತ್ತದೆ, ಲೋಟ ಕುಪ್ಪಳಿಸುತ್ತಾ ಗೀಚುತ್ತದೆ.

ಮೊದಲ ಸಲಕ್ಕೇ ಎಲ್ಲರದ್ದೂ ಓಡುವುದಿಲ್ಲ. ಪಾಠ ಇರುವುದೂ ಅಲ್ಲೇ, ಆದ್ದರಿಂದ ನೀವೇ ಹೋಗಿ ಸರಿಪಡಿಸಬೇಡಿ. ಮೋಟರ್ ತಿರುಗಿದರೂ ಲೋಟ ಅಲುಗುತ್ತಿಲ್ಲವೇ? ರಬ್ಬರಿನ ನಟ್ಟನಡುವೆ ಕಡ್ಡಿ ಹೊಕ್ಕಿದೆ. ಒಂದೇ ಕಡೆ ವಾಲುತ್ತಿದೆಯೇ? ಪೆನ್ನುಗಳ ಎತ್ತರ ಹೆಚ್ಚುಕಡಿಮೆಯಾಗಿದೆ. ಮೋಟರ್ ತಿರುಗುತ್ತಲೇ ಇಲ್ಲವೆಂದರೆ ವೈರಿನ ತುದಿ ನೋಡಿಸಿ: ಪ್ಲಾಸ್ಟಿಕ್ ಸಿಪ್ಪೆ ಪೂರ್ತಿ ಸುಲಿದಿರುವುದಿಲ್ಲ, ಇಲ್ಲವೇ ಲೋಹಕ್ಕೂ ಲೋಹಕ್ಕೂ ನಡುವೆ ಟೇಪು ಸಿಕ್ಕಿಕೊಂಡಿರುತ್ತದೆ. ರಬ್ಬರ್ ಲೋಟಕ್ಕೆ ತಗುಲಿ ಮೋಟರ್ ನಿಂತುಹೋದರೆ ಕೂಡಲೇ ವೈರು ಬಿಡಿಸಿ. ತಿರುಗುವ ಮೋಟರ್ ತಾನೇ ಎದುರು ವೋಲ್ಟೇಜ್ ಹುಟ್ಟಿಸಿ ಕರೆಂಟನ್ನು ಹಿಡಿತದಲ್ಲಿಡುತ್ತದೆ. ನಿಂತಾಗ ಆ ತಡೆ ಇರುವುದಿಲ್ಲ, ಕರೆಂಟು ಹಲವು ಪಟ್ಟು ಹರಿದು ಮೋಟರೂ ಸೆಲ್ಲೂ ಬಿಸಿಯಾಗುತ್ತವೆ.

ಓಡಿದ ಮೇಲೆ ಸೆಲ್ಲಿನ ಕಡೆ ವೈರುಗಳನ್ನು ಅದಲುಬದಲು ಮಾಡಿಸಿ. ಮೋಟರ್ ತಿರುಗುವ ದಿಕ್ಕೂ ಬದಲಾಗುತ್ತದೆ. ಬಳಿಕ ರಬ್ಬರಿನ ಅಳತೆ, ಪೆನ್ನಿನ ಎತ್ತರ, ಇವುಗಳಲ್ಲಿ ಒಂದು ಸಲಕ್ಕೆ ಒಂದನ್ನೇ ಬದಲಿಸಿ ಗೀಟುಗಳನ್ನು ಹೋಲಿಸಲಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ ಎನ್ನುವುದು ಮಕ್ಕಳಿಗೆ ಬಲು ಬೇಗ ಹೊಳೆಯುತ್ತದೆ.

ಪ್ರಶ್ನೆ: ಒಂದೇ ಸೆಲ್ಲಿಗೆ ಎಲ್‌ಇಡಿ ಜೋಡಿಸಿದರೆ ಹತ್ತುವುದಿಲ್ಲ. ಎಲ್‌ಇಡಿ ಕೆಟ್ಟಿದೆಯೇ?

ಉತ್ತರ: ಕೆಟ್ಟಿರಲಿಕ್ಕಿಲ್ಲ. ಕೆಂಪು ಎಲ್‌ಇಡಿಗೆ ಸುಮಾರು 2 ವೋಲ್ಟ್ ಬೇಕು, ನೀಲಿ ಮತ್ತು ಬಿಳಿಗೆ ಸುಮಾರು 3. ಒಂದು ಎಎ ಸೆಲ್ ಕೊಡುವುದು 1.5 ವೋಲ್ಟ್ ಮಾತ್ರ. ಎರಡು ಸೆಲ್ಲನ್ನು ಸಾಲಾಗಿ ಜೋಡಿಸಿ, ಕೆಂಪು ಎಲ್‌ಇಡಿಯೊಂದಿಗೆ ಕರೆಂಟು ಮಿತಿಮೀರದಂತೆ ತಡೆಯುವ 100 ಓಮ್ ರೆಸಿಸ್ಟರ್ ಹಾಕಿ. ಉದ್ದದ ಕಾಲು ಪ್ಲಸ್ ಕಡೆಗಿರಲಿ.

ಪ್ರಶ್ನೆ: ಐದನೇ ತರಗತಿಯಲ್ಲಿ ಮೈಕ್ರೋಬಿಟ್ (ಪ್ರೋಗ್ರಾಂ ಹಾಕಿ ನಡೆಸುವ ಪುಟ್ಟ ಕಂಪ್ಯೂಟರ್ ಬೋರ್ಡು) ಬಳಸುತ್ತಿದ್ದೇವೆ. ಮೋಟರ್ ಜೋಡಿಸಿದೊಡನೆ ಬೋರ್ಡು ಆಫ್ ಆಗಿ ಮತ್ತೆ ಆನ್ ಆಗುತ್ತದೆ. ಪ್ರೋಗ್ರಾಂ ತಪ್ಪೇ?

ಉತ್ತರ: ಪ್ರೋಗ್ರಾಂ ಹುಡುಕುವ ಮೊದಲು ವೈರಿಂಗ್ ನೋಡಿ. ಬೋರ್ಡಿನ ಪಿನ್ ಕೊಡಬಲ್ಲದ್ದು ಕೆಲವೇ ಮಿಲಿಆಂಪಿಯರ್. ಮೋಟರ್ ಹೊರಡುವ ಕ್ಷಣದಲ್ಲಿ ನೂರಾರು ಮಿಲಿಆಂಪಿಯರ್ ಎಳೆಯುತ್ತದೆ. ಪಿನ್ನಿಗೆ ಮೋಟರನ್ನು ನೇರವಾಗಿ ಜೋಡಿಸಲೇಬೇಡಿ, ಬೋರ್ಡು ಸುಡಬಹುದು. ನಡುವೆ ಮೋಟರ್ ಡ್ರೈವರ್, ಅಂದರೆ ಬೋರ್ಡಿನ ಸಿಗ್ನಲ್ಲಿನಂತೆ ಬ್ಯಾಟರಿಯ ಕರೆಂಟನ್ನು ಮೋಟರಿಗೆ ಹರಿಸುವ ಸಣ್ಣ ಸರ್ಕ್ಯೂಟ್, ಇರಬೇಕು. ಡ್ರೈವರ್ ಇದ್ದೂ ಹೀಗಾಗುತ್ತಿದ್ದರೆ ಎರಡಕ್ಕೂ ಒಂದೇ ಬ್ಯಾಟರಿ ಹಾಕಿರುತ್ತೀರಿ: ಮೋಟರ್ ಎಳೆದಾಗ ವೋಲ್ಟೇಜ್ ಕುಸಿದು ಬೋರ್ಡು ರೀಸೆಟ್ ಆಗುತ್ತದೆ. ಬೋರ್ಡಿಗೆ ಎರಡು ಎಎಎ ಸೆಲ್, 3ರಿಂದ 6 ವೋಲ್ಟಿನ ಗೇರ್ ಮೋಟರುಗಳಿಗೆ ಬೇರೆಯೇ ನಾಲ್ಕು ಎಎ ಸೆಲ್ ಕೊಡಿ. ಎರಡೂ ಬ್ಯಾಟರಿಗಳ ಮೈನಸ್ ತಂತಿಗಳನ್ನು ಒಂದಕ್ಕೊಂದು ಸೇರಿಸುವುದನ್ನು ಮರೆಯಬೇಡಿ. ಸೇರಿಸದಿದ್ದರೆ ಡ್ರೈವರಿಗೆ ಸಿಗ್ನಲ್ ಸರಿಯಾಗಿ ಮುಟ್ಟುವುದಿಲ್ಲ. ಇನ್ನೊಂದು ಮಾತು: ಎಲ್298ಎನ್ ಡ್ರೈವರ್ ತಾನೇ ಸುಮಾರು 2 ವೋಲ್ಟ್ ನುಂಗುತ್ತದೆ. ಸಣ್ಣ ಬ್ಯಾಟರಿಗೆ ಡಿಆರ್‌ವಿ8833 ಉತ್ತಮ.

ಪ್ರಶ್ನೆ: ಎರಡನೇ ತರಗತಿಯ ಮಕ್ಕಳಿಗೆ ಕೋಡಿಂಗ್ ಬೇಕೇ?

ಉತ್ತರ: ಪರದೆ ಬೇಡ, ಆದೇಶಗಳನ್ನು ಕ್ರಮವಾಗಿ ಜೋಡಿಸುವ ಆಟ ಬೇಕು. ನೆಲದ ಮೇಲೆ ಸೀಮೆಸುಣ್ಣದಿಂದ ಉದ್ದ ನಾಲ್ಕು, ಅಗಲ ನಾಲ್ಕು ಚೌಕ ಬರೆಯಿರಿ. ಒಂದು ಮಗು ರೋಬೋ ಆಗಲಿ, ಇನ್ನೊಂದು ‘ಮುಂದೆ’, ‘ಎಡಕ್ಕೆ ತಿರುಗು’, ‘ಬಲಕ್ಕೆ ತಿರುಗು’ ಚೀಟಿಗಳನ್ನು ಸಾಲಾಗಿ ಇಡಲಿ. ‘ಎಡಕ್ಕೆ ತಿರುಗು’ ಎಂದಾಗ ರೋಬೋ ನಿಂತಲ್ಲೇ ತಿರುಗಬೇಕು. ಮಕ್ಕಳು ತಿರುಗುವುದರ ಜೊತೆಗೆ ಒಂದು ಹೆಜ್ಜೆಯನ್ನೂ ಇಟ್ಟುಬಿಡುತ್ತಾರೆ. ಎದುರು ನಿಂತ ಮಗು ತನ್ನ ಎಡವನ್ನೇ ರೋಬೋವಿನ ಎಡ ಎಂದುಕೊಳ್ಳುವುದೂ ಸಾಮಾನ್ಯ. ದಾರಿ ತಪ್ಪಿದರೆ ಚೀಟಿಗಳನ್ನೆಲ್ಲ ಕಲಸಿಹಾಕಲು ಬಿಡಬೇಡಿ, ಯಾವ ಚೀಟಿಯಲ್ಲಿ ತಪ್ಪಿತೆಂದು ಬೆರಳಿಟ್ಟು ತೋರಿಸಲಿ.

ಪ್ರಶ್ನೆ: ಗುಂಡಿಯಂಥ ಪುಟ್ಟ ಸೆಲ್ಲುಗಳಿಂದ ಹಲ್ಲುಜ್ಜುವ ಬ್ರಷ್ಷಿನ ರೋಬೋ ಮಾಡಿಸಬಹುದೇ?

ಉತ್ತರ: ಪ್ರಾಥಮಿಕ ತರಗತಿಯಲ್ಲಿ ಬೇಡವೇ ಬೇಡ. ನುಂಗಿದ ಲಿಥಿಯಂ ಬಟನ್ ಸೆಲ್ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ತೀವ್ರವಾಗಿ ಸುಡಬಲ್ಲದು. ನುಂಗಿರಬಹುದೆಂಬ ಅನುಮಾನ ಬಂದರೂ ಕಾಯದೆ ಆಸ್ಪತ್ರೆಗೆ ಓಡಿ, ವಾಂತಿ ಮಾಡಿಸಬೇಡಿ. ಅದೇ ಕಂಪನದ ಆಟವನ್ನು ಎಎ ಸೆಲ್ಲಿನ ಲೋಟವೇ ಕಲಿಸುತ್ತದೆ.