ನವೆಂಬರಿನಲ್ಲಿ ಕೆಂಪು ಸ್ವೆಟರ್ ಬೇಡ

ಆನ್ ಆರ್ಬರ್‌ಗೆ ಇಲ್ಲಿನ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಎಂ.ಎಸ್. ಓದಲು ಬರುತ್ತಿದ್ದೀಯ. ಇಲ್ಲಿಯವರಿಗೆ ಕಾಲೇಜು ಫುಟ್‌ಬಾಲ್ (ಅಮೆರಿಕದ್ದು, ನಮ್ಮ ಕಾಲ್ಚೆಂಡಲ್ಲ) ಅಂದರೆ ಯಾಕಿಷ್ಟು ಹುಚ್ಚು, ಆಟವೇ ಗೊತ್ತಿಲ್ಲದ ನಾನು ದುಡ್ಡು ಕೊಟ್ಟು ಸೀಸನ್ ಟಿಕೆಟ್ ತಗೋಬೇಕಾ ಅಂತ ಕೇಳಿದ್ದೀಯ. ತಗೋ ತಂಗಿ, ಮೊದಲ ವರ್ಷವೇ ತಗೋ. ಕೈ ಬಿಗಿಯಿದ್ದರೆ ಒಂದೇ ಒಂದು ಪಂದ್ಯಕ್ಕಾದರೂ ಹೋಗು.

ಮಿಷಿಗನ್ ಸ್ಟೇಡಿಯಂ ಹೊರಗಿನಿಂದ ಅಷ್ಟೇನೂ ಎತ್ತರ ಕಾಣುವುದಿಲ್ಲ. 1927ರಲ್ಲಿ ಕಟ್ಟುವಾಗ ನೆಲ ಅಗೆದು ಬಹುಪಾಲನ್ನು ಒಳಗಿಳಿಸಿದ್ದಾರೆ. ಬಾಗಿಲು ದಾಟಿದ ಕೂಡಲೇ ಕಲ್ಯಾಣಿಯ ಮೇಲಿನ ಮೆಟ್ಟಿಲಲ್ಲಿ ನಿಂತ ಹಾಗೆ, ಕಾಲಡಿಯಿಂದ ಕೆಳಕ್ಕೆ ಸಾಲು ಸಾಲು ಜನ. 1,07,601 ಆಸನ. ಊರಿನ ಜನಸಂಖ್ಯೆಯೇ ಒಂದೂಕಾಲು ಲಕ್ಷದ ಹತ್ತಿರ! ಕೂರಲು ಉದ್ದನೆಯ ಬೆಂಚು, ಪಕ್ಕದವರ ಭುಜಕ್ಕೆ ಭುಜ ತಾಗುತ್ತದೆ. ವಿದ್ಯಾರ್ಥಿಗಳ ಕಡೆ ಹೇಗೂ ಎಲ್ಲರೂ ನಿಂತೇ ನೋಡುತ್ತಾರೆ. ದೊಡ್ಡ ಚೀಲ ಒಳಗೆ ಬಿಡುವುದಿಲ್ಲ, ಬೇಕಾದದ್ದನ್ನು ಜೇಬಿನಲ್ಲಿಟ್ಟುಕೋ. ಆಟದ ವಿಷಯ ಸದ್ಯಕ್ಕೆ ಇಷ್ಟು ಸಾಕು: ಚೆಂಡು ಕೈಯಲ್ಲಿರುವ ತಂಡ ನಾಲ್ಕು ಪ್ರಯತ್ನದೊಳಗೆ ಹತ್ತು ಗಜ ಮುಂದೆ ಹೋಗಬೇಕು. ಉಳಿದದ್ದನ್ನು ಪಕ್ಕದವರು ಕೇಳದೆಯೇ ಹೇಳಿಕೊಡುತ್ತಾರೆ.

ಇನ್ನು ನಮ್ಮ ಬದ್ಧ ವೈರಿ, ಪಕ್ಕದ ರಾಜ್ಯದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯ. ನಾನು ಬಂದ ವರ್ಷ, ನವೆಂಬರ್ ಕೊನೆಯಲ್ಲಿ ಅವರ ಜೊತೆ ಪಂದ್ಯವಿದ್ದ ವಾರ, ಅಮ್ಮ ಹೆಣೆದುಕೊಟ್ಟ ಕೆಂಪು ಸ್ವೆಟರ್ ಹಾಕಿಕೊಂಡು ಲ್ಯಾಬಿಗೆ ಹೋಗಿದ್ದೆ. ಯಾರೂ ಏನೂ ಅನ್ನಲಿಲ್ಲ. ಊಟ ಮುಗಿಸಿ ಬರುವಷ್ಟರಲ್ಲಿ ನನ್ನ ಕುರ್ಚಿಯ ಮೇಲೆ ಹಳೆಯದೊಂದು ನೀಲಿ ಜಾಕೆಟ್ ಮಡಿಸಿಟ್ಟಿತ್ತು, ತೋಳಿನ ಅಂಚು ಸವೆದು ನೂಲು ಬಿಟ್ಟದ್ದು. ಅರವತ್ತು ದಾಟಿದ ನಮ್ಮ ಲ್ಯಾಬ್ ಮೇಲ್ವಿಚಾರಕರದು. "ಈ ವಾರ ಇದನ್ನು ಹಾಕಿಕೋ" ಅಂದರು, ಅಷ್ಟೇ. ಕೆಂಪು ಒಹಾಯೊದವರ ಬಣ್ಣ, ನಮ್ಮದು ನೀಲಿ ಮತ್ತು ಮೆಕ್ಕೆಜೋಳದ ಹಳದಿ. ಅತ್ತ ಅವರ ಊರು ಕೊಲಂಬಸ್‌ನಲ್ಲಿ ಆ ವಾರ ಕ್ಯಾಂಪಸ್ಸಿನ ಫಲಕಗಳಲ್ಲಿರುವ 'ಎಂ' ಅಕ್ಷರಕ್ಕೆಲ್ಲ ಕೆಂಪು ಟೇಪಿನಿಂದ ಕಾಟು ಹಾಕುತ್ತಾರೆ.

ಈ ಹಗೆ ಆಟಕ್ಕಿಂತ ಹಳೆಯದು. 1835ರಲ್ಲಿ ಟೊಲೀಡೊ ಊರು ಯಾರದೆಂದು ಮಿಷಿಗನ್ ಮತ್ತು ಒಹಾಯೊ ದಂಡು ಕಟ್ಟಿ ಎದುರುಬದುರು ನಿಂತಿದ್ದವು. ಬೆಳಗಾವಿ ಗಡಿ ತಕರಾರು ಕೇಳಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೊದಲ ಪಂದ್ಯ ನಡೆದದ್ದು 1897ರಲ್ಲಿ. ಹಳಬರು ಇವತ್ತಿಗೂ ಕಣ್ಣರಳಿಸಿ ಹೇಳುವುದು 1969ರ ಕಥೆ. ಸತತ 22 ಪಂದ್ಯ ಗೆದ್ದು ಬಂದಿದ್ದ ಒಹಾಯೊಗೆ ವುಡಿ ಹೇಸ್ ಕೋಚ್. ಅವರ ಕೈಕೆಳಗೆ ಕೆಲಸ ಕಲಿತಿದ್ದ ಬೋ ಶೆಂಬೆಕ್ಲರ್ ಆ ವರ್ಷವಷ್ಟೇ ಮಿಷಿಗನ್ ಕೋಚ್ ಆಗಿದ್ದರು. 24-12ರಲ್ಲಿ ಶಿಷ್ಯನೇ ಗೆದ್ದ. ಮುಂದೆ ಹತ್ತು ವರ್ಷ ಇಬ್ಬರ ನಡುವೆ ಜಟಾಪಟಿ. ಬೆಸ ವರ್ಷಗಳಲ್ಲಿ ಈ ಪಂದ್ಯ ನಮ್ಮೂರಿನಲ್ಲೇ, ಥ್ಯಾಂಕ್ಸ್‌ಗಿವಿಂಗ್ ಆದ ಶನಿವಾರ. ಚಳಿ ಮೂಳೆಗಿಳಿಯುತ್ತದೆ, ಒಳಗೆ ಥರ್ಮಲ್ ಹಾಕಿಕೊಂಡೇ ಹೋಗು.

ನನಗೆ ಇದಕ್ಕಿಂತ ಇಷ್ಟವಾದದ್ದು ಮಿನೆಸೋಟದ ಜೊತೆಗಿನ ಹೂಜಿ. 1903ರಲ್ಲಿ ಅಲ್ಲಿಗೆ ಆಡಲು ಹೋದ ಮಿಷಿಗನ್‌ನವರು ಮೂವತ್ತು ಸೆಂಟಿನ ನೀರಿನ ಹೂಜಿಯೊಂದನ್ನು ಬಿಟ್ಟು ಬಂದರು. ವಾಪಸ್ ಕೇಳಿದಾಗ 'ಗೆದ್ದು ತಗೊಂಡು ಹೋಗಿ' ಅಂದರಂತೆ ಅವರು. 1909ರಿಂದ ಗೆದ್ದವರಿಗೆ ಆ ಹೂಜಿಯೇ ಪ್ರಶಸ್ತಿ.

ಸೋಮವಾರಪೇಟೆ ಶಾಲೆಯಲ್ಲಿ ಹಾಕಿ ಆಡುತ್ತಿದ್ದೆ ಅಂತಲೂ ಬರೆದಿದ್ದೀಯಲ್ಲ. ಇಲ್ಲಿ ಬರೀ ಹಾಕಿ ಅಂದರೆ ಐಸ್ ಹಾಕಿ, ಯೋಸ್ಟ್ ಅರೀನಾದಲ್ಲಿ ನಡೆಯುತ್ತದೆ. ನಮ್ಮ ಹಾಕಿಗೆ ಫೀಲ್ಡ್ ಹಾಕಿ ಅನ್ನುತ್ತಾರೆ. ವಿಶ್ವವಿದ್ಯಾಲಯದ ತಂಡವಿರುವುದು ಹುಡುಗಿಯರಿಗೆ ಮಾತ್ರ, 2001ರಲ್ಲಿ ರಾಷ್ಟ್ರೀಯ ಚಾಂಪಿಯನ್ ಆದ ತಂಡ. ಅಲ್ಲಿ ಲಕ್ಷ ಜನರ ಗದ್ದಲವಿಲ್ಲ. ಬೇಲಿಯ ಪಕ್ಕ ನಿಂತರೆ ಚೆಂಡಿಗೆ ಸ್ಟಿಕ್ ಬಡಿಯುವ ಸದ್ದು ನೇರ ಕಿವಿಗೆ ಬೀಳುತ್ತದೆ. ಆಗಸ್ಟ್ ಕೊನೆಗೆ ಅವರ ಸೀಸನ್ ಶುರು. ಬಂದಿಳಿದ ಮೇಲೆ ಫೋನ್ ಮಾಡು, ನಾನೇ ಕರೆದುಕೊಂಡು ಹೋಗುತ್ತೇನೆ.