ಪೆಟ್ರೋಲ್ ಆ ಕಡೆ, ನಂಬರ್ ಈ ಕಡೆ

"ಕನ್ನಡ ಕನ್ನಡ ಅಂತ ಇಷ್ಟೊಂದು ಮಾತಾಡ್ತೀಯ, ಕಾರಿಗೆ ಮಾತ್ರ ಕೆಎಲ್ ನಂಬರ್. ಪೆಟ್ರೋಲ್ ಹಾಕ್ಸೋಕೆ ಮಾತ್ರ ನಿಮ್ಗೆ ಕರ್ನಾಟಕ ಬೇಕಾ?" ಅಂತ ನೀನು ಕೇಳಿದಾಗ ನಾನು ಸುಮ್ನೆ ನಕ್ಕುಬಿಟ್ಟೆ. ಉಳಿದವರೂ ನಗುತ್ತಿದ್ದರು, ಅಲ್ಲಿ ಉತ್ತರ ಕೊಡಲು ಹೋಗಿದ್ದರೆ ಮದುವೆ ಊಟ ಬಿಟ್ಟು ಜಗಳ ಶುರುವಾಗುತ್ತಿತ್ತು. ಈಗ ಪುರುಸೊತ್ತಿನಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆದೀತು, ಓದು ಮಾರಾಯ.

ನಂಬರ್ ಪ್ಲೇಟನ್ನು ಅಭಿಮಾನ ನೋಡಿ ಕೊಡುವುದಿಲ್ಲ, ವಿಳಾಸ ನೋಡಿ ಕೊಡುತ್ತಾರೆ. ನನ್ನ ಮನೆ ಕೇರಳದ ಮಂಜೇಶ್ವರ ತಾಲೂಕಿನಲ್ಲಿ. ಆಧಾರ್, ರೇಷನ್ ಕಾರ್ಡ್, ವೋಟು ಎಲ್ಲ ಅಲ್ಲಿಯದೇ. ಜಿಲ್ಲೆ ಕಾಸರಗೋಡು, ಹಾಗಾಗಿ ಕೆಎಲ್-14. ನಾನು ಶಾಲೆಯಲ್ಲಿ ಕನ್ನಡ ಓದಿದ್ದೇನೆ, ಮನೆಯಲ್ಲಿ ತುಳು, ಅಂಗಡಿಯಲ್ಲಿ ಮಲಯಾಳ, ಪಕ್ಕದ ಮನೆಯವರ ಹತ್ತಿರ ಬ್ಯಾರಿ. ಆರ್‌ಟಿಒ ಅರ್ಜಿಯಲ್ಲಿ ಇದನ್ನೆಲ್ಲ ಬರೆಯಲು ಜಾಗ ಇಲ್ಲ. 1956ರ ನವೆಂಬರ್ 1ರಂದು, ಅಂದರೆ ನೀವು ರಾಜ್ಯೋತ್ಸವ ಅಂತ ಬಾವುಟ ಹಾರಿಸುತ್ತೀರಲ್ಲ ಅದೇ ದಿನ, ನಮ್ಮ ಊರು ಆಗ ಇದ್ದ ಕಾಸರಗೋಡು ತಾಲೂಕನ್ನು ದಕ್ಷಿಣ ಕನ್ನಡದಿಂದ ತೆಗೆದು ಕೇರಳಕ್ಕೆ ಸೇರಿಸಿದರು. 1967ರಲ್ಲಿ ಗಡಿ ವಿವಾದ ನೋಡಲು ನೇಮಿಸಿದ್ದ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ನಿಮ್ಮ ಕಡೆಗೇ ಸೇರಬೇಕು ಎಂದಿತು. ವರದಿ ವರದಿಯಾಗಿಯೇ ಉಳಿಯಿತು. ನಾನು ಹುಟ್ಟುವ ಮೊದಲೇ ಮುಗಿದ ಕತೆ ಅದು, ಅದರ ಉಳಿಕೆ ಮಾತ್ರ ನನ್ನ ಕಾರಿನ ಮುಂದೆ ಹಿಂದೆ ಎರಡೂ ಕಡೆ ನೇತಾಡುತ್ತಾ ಇದೆ.

ಇನ್ನು ಪೆಟ್ರೋಲ್. ಹೌದು, ಗಡಿಯ ತಲಪಾಡಿ ದಾಟಿ ಕರ್ನಾಟಕದಲ್ಲೇ ಹಾಕಿಸುತ್ತೇವೆ. ಲೀಟರಿಗೆ ನಾಲ್ಕೈದು ರೂಪಾಯಿ ವ್ಯತ್ಯಾಸ ಇದ್ದರೆ ನೀನು ಹಾಕಿಸುವುದಿಲ್ಲವಾ? ಪೆಟ್ರೋಲ್, ಡೀಸೆಲ್ ಜಿಎಸ್‌ಟಿಗೆ ಸೇರಿಲ್ಲ, ಪ್ರತಿ ರಾಜ್ಯ ತನ್ನ ತೆರಿಗೆ ತಾನೇ ಹಾಕಿಕೊಳ್ಳುತ್ತದೆ. ತಮಾಷೆ ನೋಡು, ಕಾಗದದ ಮೇಲೆ ಎರಡೂ ರಾಜ್ಯದ ಪೆಟ್ರೋಲ್ ತೆರಿಗೆ ಹೆಚ್ಚುಕಡಿಮೆ ಒಂದೇ. ಕೇರಳದ್ದು 30.08 ಶೇಕಡಾ, ಕರ್ನಾಟಕ 2024ರ ಜೂನ್‌ನಲ್ಲಿ ಏರಿಸಿದ ಮೇಲೆ 29.84. ಆದರೆ ಕೇರಳದಲ್ಲಿ ಅದರ ಮೇಲೆ ಲೀಟರಿಗೆ ಒಂದು ರೂಪಾಯಿ, ಆಮೇಲೆ ಒಂದು ಶೇಕಡಾ ಸೆಸ್, 2023ರ ಏಪ್ರಿಲ್‌ನಿಂದ ಸಾಮಾಜಿಕ ಭದ್ರತೆಗೆ ಅಂತ ಮತ್ತೆರಡು ರೂಪಾಯಿ. ಪಿಂಚಣಿಗೆ ಹೋಗುವ ದುಡ್ಡು ಅನ್ನುತ್ತಾರೆ. ನನ್ನ ಅಜ್ಜಿಗೂ ಆ ಪಿಂಚಣಿ ಬರುತ್ತದೆ, ಹಾಗಾಗಿ ಮನೆಯಲ್ಲಿ ಇದರ ಬಗ್ಗೆ ಜಾಸ್ತಿ ಬೈಯುವಂತಿಲ್ಲ.

ಈ ವ್ಯತ್ಯಾಸವೂ ಒಂದೇ ಸಮ ಇರುವುದಿಲ್ಲ. 2021ರ ನವೆಂಬರ್‌ನಲ್ಲಿ ಕೇಂದ್ರ ಪೆಟ್ರೋಲಿಗೆ ಐದು, ಡೀಸೆಲಿಗೆ ಹತ್ತು ರೂಪಾಯಿ ಇಳಿಸಿತಲ್ಲ, ಆಗ ಕರ್ನಾಟಕ ತನ್ನದೂ ಅಂತ ಏಳು ರೂಪಾಯಿ ಬಿಟ್ಟುಕೊಟ್ಟಿತು, ಕೇರಳ ನಾವು ಏರಿಸಿಯೇ ಇಲ್ಲ ಇಳಿಸುವುದೇನು ಎಂದಿತು. ಆ ದಿನಗಳಲ್ಲಿ ತಲಪಾಡಿಯ ಬಂಕ್‌ಗಳ ಮುಂದೆ ಲಾರಿ, ಟಿಪ್ಪರ್, ಬೈಕು ಎಲ್ಲ ಸಾಲುಗಟ್ಟಿ ನಿಂತಿದ್ದವು. ಈಚೆ ನಮ್ಮ ಉಪ್ಪಳ, ಹೊಸಂಗಡಿ ಕಡೆಯ ಬಂಕಿನ ಹುಡುಗರು ಕುರ್ಚಿ ಹಾಕಿ ಮೊಬೈಲ್ ನೋಡುತ್ತಾ ಕೂತಿದ್ದರು. ಆಮೇಲೆ ನಿಮ್ಮವರು 2024ರಲ್ಲಿ ಪೆಟ್ರೋಲ್, ಡೀಸೆಲ್ ಎರಡಕ್ಕೂ ಸುಮಾರು ಮೂರು ರೂಪಾಯಿ ಏರಿಸಿದರು, 2025ರ ಏಪ್ರಿಲ್‌ನಲ್ಲಿ ಡೀಸೆಲಿಗೆ ಮತ್ತೆ ಸುಮಾರು ಎರಡು. ಬೆಂಗಳೂರಿನಲ್ಲಿ ನೀವು ಪ್ರತಿಭಟನೆ ಅಂತ ಮಾಡುವಾಗ ನಮ್ಮ ಕಡೆ ಬಂಕ್ ಮಾಲೀಕರು ಒಳಗೊಳಗೇ ಖುಷಿ ಪಟ್ಟಿರಬೇಕು.

ಆದರೆ ಒಂದು ಮಾತು. ಪೆಟ್ರೋಲಿಗಾಗಿಯೇ ಯಾರೂ ಗಡಿ ದಾಟುವುದಿಲ್ಲ. ಲೆಕ್ಕ ಹಾಕು. ನಮ್ಮ ಕಡೆಯ ಕುಂಬಳೆಯಿಂದ ತಲಪಾಡಿಗೆ ಸುಮಾರು 20 ಕಿಲೋಮೀಟರ್. ಹೋಗಿ ಬರಲು ಎರಡು ಲೀಟರಿಗಿಂತ ಜಾಸ್ತಿ ಬೇಕು. ಐದು ರೂಪಾಯಿಯ ಹಾಗೆ 30 ಲೀಟರಿಗೆ ಉಳಿಯುವುದು 150. ಉಳಿಸಿದ್ದಕ್ಕಿಂತ ಉರಿಸಿದ್ದೇ ಜಾಸ್ತಿ. ನಾವು ಹೋಗುವುದು ಆಸ್ಪತ್ರೆಗೆ, ಕಾಲೇಜಿಗೆ, ಕೆಲಸಕ್ಕೆ, ಮದುವೆ ಜವಳಿಗೆ. ಮಂಗಳೂರು ನಮಗೆ ಪಕ್ಕದ ರಾಜ್ಯದ ಊರಲ್ಲ, ನಮ್ಮ ಪೇಟೆ. ಅಡಿಕೆ ಮಾರುವ ಕ್ಯಾಂಪ್ಕೊದ ಮುಖ್ಯ ಕಚೇರಿ ಅಲ್ಲಿ, 1973ರಿಂದ ಎರಡೂ ರಾಜ್ಯದ ಬೆಳೆಗಾರರಿಗೆ ಸೇರಿದ ಸಹಕಾರಿ ಅದು. ಸುರತ್ಕಲ್ ಹತ್ತಿರ ಎಣ್ಣೆ ಶುದ್ಧ ಮಾಡುವ ಎಂಆರ್‌ಪಿಎಲ್ ಕೂಡ ನಮಗೆ ಕೊಚ್ಚಿಗಿಂತ ಎಷ್ಟೋ ಹತ್ತಿರ. ಬರುವಾಗ ದಾರಿಯಲ್ಲಿ ಟ್ಯಾಂಕ್ ತುಂಬಿಸುತ್ತೇವೆ, ಅಷ್ಟೇ. ಕೇರಳದ ಇನ್ನೊಂದು ಕಡೆ ಹೋದರೆ ಮಾಹೆ ಉಂಟು, ಪುದುಚೇರಿಗೆ ಸೇರಿದ್ದು, ಅಲ್ಲಿ ಕೇರಳಕ್ಕಿಂತ ಲೀಟರಿಗೆ ಹತ್ತು ರೂಪಾಯಿಗೂ ಹೆಚ್ಚು ಅಗ್ಗ. ಅಲ್ಲಿ ಹಾಕಿಸುವ ಕಣ್ಣೂರಿನವನನ್ನು ನೀನು ಯಾವ ಅಭಿಮಾನದ ಪರೀಕ್ಷೆಗೆ ಕೂರಿಸುತ್ತೀ?

ಈಗ ನಿನಗೆ ಗೊತ್ತಿಲ್ಲದ ಭಾಗ. ಪೆಟ್ರೋಲ್ ನಿಮ್ಮಲ್ಲಿ ಅಗ್ಗ, ಸರಿ. ಸಣ್ಣ ಕಾರು ರಿಜಿಸ್ಟರ್ ಮಾಡಿಸುವಾಗ ರಾಜ್ಯಕ್ಕೆ ಕಟ್ಟುವ ತೆರಿಗೆ ಮಾತ್ರ ನಮ್ಮಲ್ಲಿ ಕಡಿಮೆ. ಎಂಟು ಲಕ್ಷದ ಕಾರು ಅಂದುಕೋ. 2023ರಲ್ಲಿ ಏರಿಸಿದ ಮೇಲೂ ಕೇರಳದಲ್ಲಿ 13 ಶೇಕಡಾ, ಅಂದರೆ 1.04 ಲಕ್ಷ. ಕರ್ನಾಟಕದಲ್ಲಿ 14 ಶೇಕಡಾ, 1.12 ಲಕ್ಷ, ಆ ತೆರಿಗೆಯ ಮೇಲೆ ಮತ್ತೆ ಸೆಸ್. 20 ಲಕ್ಷ ದಾಟಿದರೆ ಉಲ್ಟಾ, ನಿಮ್ಮಲ್ಲಿ 18, ನಮ್ಮಲ್ಲಿ 22. ನಮ್ಮ ಊರಲ್ಲಿ 20 ಲಕ್ಷದ ಕಾರು ತೆಗೆಯುವವರು ಗಲ್ಫಿನಿಂದ ಬಂದವರು, ಅವರ ತಲೆನೋವು ಅವರಿಗೆ. 2017ರಲ್ಲಿ ಕೇರಳದಲ್ಲಿ ದೊಡ್ಡ ಗಲಾಟೆ ಆಯಿತಲ್ಲ, ಸಿನಿಮಾದವರು ಸೇರಿ ಹಲವರು ಪುದುಚೇರಿಯ ವಿಳಾಸ ತೋರಿಸಿ ಐಷಾರಾಮಿ ಕಾರುಗಳನ್ನು ಅಲ್ಲಿ ರಿಜಿಸ್ಟರ್ ಮಾಡಿಸಿದ್ದಾರೆ ಅಂತ. ಲಕ್ಷಗಟ್ಟಲೆ ಉಳಿಸುವ ಅವರ ಆಟದ ಬಿಸಿ ತಾಗುವುದು ಮಾತ್ರ ಹಳೆ ಆಲ್ಟೊ ಓಡಿಸುವ ನಮಗೆ. ಬೇರೆ ರಾಜ್ಯದ ನಂಬರ್ ಕಂಡರೆ ಸಾಕು, ತೆರಿಗೆ ತಪ್ಪಿಸುವವನು ಅಂತ ಲೆಕ್ಕ.

ಜನ ಯಾವ ಕಾರು ಓಡಿಸಬೇಕು ಅಂತ ತೀರ್ಮಾನ ಮಾಡುವುದೂ ತೆರಿಗೆಯೇ, ಅದು ನಿಮ್ಮಲ್ಲೂ ಹಾಗೇ. ಮಾರುತಿ ಡಿಸೈರ್ ಕಾರಿನ ಹಿಂಭಾಗ ನೋಡಿದ್ದೀಯಾ? 2012ರಲ್ಲಿ ಅದರ ಡಿಕ್ಕಿ ಕತ್ತರಿಸಿದ ಹಾಗೆ ಚಿಕ್ಕದಾಯಿತು. ಯಾರಿಗೂ ಅಂಥ ಆಕಾರ ಬೇಕಂತ ಇರಲಿಲ್ಲ, ನಾಲ್ಕು ಮೀಟರಿನ ಒಳಗೆ ಇದ್ದರೆ ಕೇಂದ್ರದ ತೆರಿಗೆ ಕಡಿಮೆ, ಅದಕ್ಕೆ. 2025ರ ಸೆಪ್ಟೆಂಬರ್ 22ರಿಂದಲೂ ಅದೇ ಗೆರೆ: ಸಣ್ಣದಕ್ಕೆ ಜಿಎಸ್‌ಟಿ 18, ದೊಡ್ಡದಕ್ಕೆ 40. ಇಲೆಕ್ಟ್ರಿಕ್ ಸ್ಕೂಟರ್ ಈಗ ನಮ್ಮ ಕಡೆಯೂ ಕಾಣುತ್ತವೆ, ಆದರೆ ಗುಡ್ಡದ ಮೇಲಿನ ಮನೆಗಳಿಗೆ ಮಳೆಗಾಲದಲ್ಲಿ ಕರೆಂಟಿನದೇ ಭರವಸೆ ಇಲ್ಲ, ಹಾಗಾಗಿ ಪೇಟೆಯವರೇ ಜಾಸ್ತಿ. ಹಳೆ ಗಾಡಿ ಇಟ್ಟುಕೊಂಡವರಿಗೂ ಬಿಡಲಿಲ್ಲ. 15 ವರ್ಷ ದಾಟಿದ ಕಾರಿಗೆ ಐದೈದು ವರ್ಷಕ್ಕೆ ಕಟ್ಟುವ ತೆರಿಗೆಯನ್ನು ಕೇರಳ 2025ರಲ್ಲಿ ಒಂದೂವರೆ ಪಟ್ಟು ಮಾಡಿತು. ನನ್ನ ಚಿಕ್ಕಪ್ಪನ ಮಾರುತಿ 800ಕ್ಕೆ 6,400 ಇದ್ದದ್ದು 9,600. ಆ ಕಾರನ್ನು ಮಾರಿದರೆ ಎಷ್ಟು ಬರುತ್ತದೆ ಅಂತ ಕೇಳಬೇಡ. ಆದರೂ ತೋಟಕ್ಕೆ ಗೊಬ್ಬರ, ಅಡಿಕೆ ಮೂಟೆ, ಪೇಟೆಗೆ ಚಿಕ್ಕಮ್ಮ, ಎಲ್ಲ ಅದರಲ್ಲೇ.

ಇದೆಲ್ಲ ಹೇಗೋ ನಡೆಯುತ್ತದೆ. ನಿಜವಾಗಿ ನಮ್ಮನ್ನು ಹೈರಾಣ ಮಾಡುವುದು ಗಾಡಿ ಗಡಿ ದಾಟಿ ನಿಲ್ಲುವ ಪ್ರಶ್ನೆ.

ಕಾನೂನು ಹೇಳುವುದು ಇಷ್ಟು: ಒಂದು ರಾಜ್ಯದ ಗಾಡಿಯನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಜಾಸ್ತಿ ಇಟ್ಟರೆ ಅಲ್ಲಿಯ ನಂಬರ್ ತೆಗೆದುಕೊಳ್ಳಬೇಕು. ಬೆಂಗಳೂರಿಗೆ ಪಾಟ್ನಾದಿಂದ ಬಂದವನಿಗೆ ಇದು ಅರ್ಥವಾಗುತ್ತದೆ, ಅವನು ಒಂದು ದಿನ ಬಂದ, ಉಳಿದ. ನಾನು ಬೆಳಿಗ್ಗೆ ಹೋಗಿ ಸಂಜೆ ಬರುವವನು. ನನ್ನ ಕಾರು ಹಗಲಿಡೀ ಮಂಗಳೂರಿನಲ್ಲಿ, ರಾತ್ರಿ ಮಂಜೇಶ್ವರದಲ್ಲಿ. ಅದನ್ನು ಎಲ್ಲಿ "ಇಟ್ಟಿದ್ದೇನೆ" ಅಂತ ಹೇಳಲಿ? ಮಂಗಳೂರಿನಲ್ಲಿ ಚೆಕಿಂಗ್‌ನವರು ಆಗಾಗ ಕೈ ಅಡ್ಡ ಹಾಕುತ್ತಾರೆ. ಎಲ್ಲಿಯವರು, ಇಲ್ಲಿ ಎಂತ ಕೆಲಸ, ಯಾವಾಗಿನಿಂದ ಗಾಡಿ ಇಲ್ಲಿ ಉಂಟು. ಕನ್ನಡದಲ್ಲಿ ಉತ್ತರ ಕೊಟ್ಟರೆ ಅನುಮಾನ ಇನ್ನೂ ಜಾಸ್ತಿ, ಇಷ್ಟು ಒಳ್ಳೆ ಕನ್ನಡ ಮಾತಾಡುವವ ಇಲ್ಲಿಯವನೇ ಇರಬೇಕು, ತೆರಿಗೆ ಉಳಿಸಲು ಕೆಎಲ್ ಹಾಕಿದ್ದಾನೆ ಅಂತ. ದಾಖಲೆ ತೋರಿಸಿ ಎಂದರು ಒಬ್ಬರು. ಡ್ಯಾಶ್‌ಬೋರ್ಡಿನಿಂದ ಪೆಟ್ರೋಲ್ ಬಿಲ್ಲುಗಳ ಕಟ್ಟು ತೆಗೆದುಕೊಟ್ಟೆ. ಅವರು ಒಂದೊಂದೇ ತಿರುಗಿಸಿ ನೋಡಿ, "ಎಲ್ಲ ಬಿಲ್ಲೂ ಕರ್ನಾಟಕದ್ದೇ ಇದೆಯಲ್ರೀ" ಅಂದರು! ನಾಲ್ಕು ರೂಪಾಯಿ ಉಳಿಸಿದ ಬಿಲ್ಲೇ ನನ್ನ ವಿರುದ್ಧ ಸಾಕ್ಷಿ. ಕೊನೆಗೆ ಫಾಸ್ಟ್ಯಾಗ್‌ನ ಪಟ್ಟಿ ಮೊಬೈಲಿನಲ್ಲಿ ತೆರೆದು, ತಲಪಾಡಿ ಟೋಲಿನಲ್ಲಿ ಸಂಜೆ ಸಂಜೆ ವಾಪಸು ಹೋದದ್ದನ್ನು ತೋರಿಸಿದ ಮೇಲೆ ಬಿಟ್ಟರು. ಅಂದಿನಿಂದ ಉಪ್ಪಳದ ಪಂಕ್ಚರ್ ಅಂಗಡಿಯವನ ಹತ್ತಿರವೂ ರಸೀದಿ ಕೇಳುತ್ತೇನೆ. ಅವನು ಬೀಡಿ ಪ್ಯಾಕೆಟಿನ ಹಿಂದೆ ಬರೆದುಕೊಡುತ್ತಾನೆ, ಅದನ್ನೂ ಇಟ್ಟುಕೊಂಡಿದ್ದೇನೆ.

ಇದು ಕೆಎಲ್ ಗಾಡಿಯ ಪಾಡು. ಕೆಎ ಗಾಡಿ ನಮ್ಮ ಅಂಗಳದಲ್ಲಿ ನಿಂತರೆ ಇನ್ನೊಂದು ಪಾಡು. ನನ್ನ ಅಕ್ಕನನ್ನು ಕೊಟ್ಟದ್ದು ಮಂಗಳೂರಿನ ಹತ್ತಿರದ ತೊಕ್ಕೊಟ್ಟಿಗೆ. ನಮ್ಮ ಮನೆಯಿಂದ ಹೊರಟರೆ ಅಕ್ಕಿ ಬೇಯುವುದರೊಳಗೆ ತಲುಪಬಹುದು. ಭಾವ ಹೊಸ ಕಾರು ತೆಗೆದರು, ಹಳೆ ವ್ಯಾಗನ್‌ಆರ್ ನೀನೇ ಇಟ್ಟುಕೋ, ದುಡ್ಡು ಬೇಡ ಎಂದರು. ಕೆಎ-19. ಅಮ್ಮನಿಗೆ ಭಾರಿ ಖುಷಿ. ನಾನು ಹಾಗೇ ತಂದು ಓಡಿಸಿದರೆ ಕೇರಳದ ಚೆಕಿಂಗ್‌ನವರು ಬಿಡುವುದಿಲ್ಲ, ಆರ್‌ಸಿಯಲ್ಲಿ ಭಾವನ ಹೆಸರು, ಸ್ಟಿಯರಿಂಗ್ ಹಿಂದೆ ನಾನು, ವಿಳಾಸ ಮಂಜೇಶ್ವರ. ಸರಿಯಾಗಿ ಮಾಡೋಣ ಅಂತ ಹೊರಟೆ. ಮೊದಲು ಅಲ್ಲಿಯ ಆರ್‌ಟಿಒದಿಂದ ಎನ್‌ಒಸಿ, ಅಂದರೆ ತಕರಾರಿಲ್ಲ ಅನ್ನುವ ಪತ್ರ, ಅದಕ್ಕೆ ಫಾರಂ 28. ಅದರಲ್ಲಿ ಚಾಸಿಸ್ ನಂಬರಿನ ಪೆನ್ಸಿಲ್ ಅಚ್ಚು ಬೇಕು. ಭಾವನ ಅಂಗಳದಲ್ಲಿ ಸೀಟಿನ ಕೆಳಗೆ ತಲೆ ತೂರಿಸಿ, ತೆಳು ಕಾಗದ ಒತ್ತಿ ಹಿಡಿದು, ಪೆನ್ಸಿಲನ್ನು ಅಡ್ಡ ಮಾಡಿ ಮೆಲ್ಲಗೆ ಉಜ್ಜಬೇಕು. ಒಂದು ಅಂಕಿ ಮಸುಕಾದರೂ ಮತ್ತೆ ಮಾಡಬೇಕು. ಬೆವರು ಕಾಗದದ ಮೇಲೆ ಬಿದ್ದರೂ ಮತ್ತೆ ಮಾಡಬೇಕು. ಬ್ಯಾಂಕಿನ ಸಾಲ ಎಂದೋ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಇತ್ತು, ಅದನ್ನು ತೆಗೆಸಲು ಬೇರೆ ಓಡಾಟ. ಆಮೇಲೆ ಕೇರಳದಲ್ಲಿ ತೆರಿಗೆ, ಕಾರು ಹೊಸದಾಗಿದ್ದಾಗಿನ ಬೆಲೆ ಹಿಡಿದು, ವಯಸ್ಸಿಗೆ ತಕ್ಕಷ್ಟು ಕಳೆದು. ಭಾವ ಅದೇ ಕಾರಿಗೆ ಕರ್ನಾಟಕದಲ್ಲಿ ಜೀವಮಾನದ ತೆರಿಗೆ ಕಟ್ಟಿದ್ದಾರೆ. ಅದರಲ್ಲಿ ಉಳಿದ ಪಾಲು ವಾಪಸು ಸಿಗುತ್ತದೆ, ಆದರೆ ಇಲ್ಲಿ ಪೂರ್ತಿ ಕಟ್ಟಿ, ಹೊಸ ನಂಬರ್ ತೆಗೆದು, ಅದರ ದಾಖಲೆ ಹಿಡಿದು ಅಲ್ಲಿ ಅರ್ಜಿ ಹಾಕಿದ ಮೇಲೆ. ಕಾರಿನ ಜೀವಮಾನ ಮಾತ್ರ ಒಂದೇ, ತೆರಿಗೆಗೆ ಎರಡು ಜನ್ಮ.

ರಾಜ್ಯ ಬದಲಾದರೂ ಬದಲಿಸಬೇಕಾಗಿಲ್ಲದ ಬಿಎಚ್ ನಂಬರ್ ತೆಗೆದುಕೊಳ್ಳಬಾರದಾ ಅಂತ ನೀನು ಕೇಳುತ್ತೀ, ಗೊತ್ತು. 2021ರಲ್ಲಿ ಬಂದಾಗ ನಾನೂ ಆಸೆಯಿಂದ ಓದಿದೆ. ಅದು ಸರ್ಕಾರಿ ನೌಕರರಿಗೆ, ಸೈನ್ಯದವರಿಗೆ, ನಾಲ್ಕು ರಾಜ್ಯಗಳಲ್ಲಾದರೂ ಕಚೇರಿ ಇರುವ ಕಂಪನಿಯವರಿಗೆ. ನಾನು ಮಂಗಳೂರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಲೆಕ್ಕ ಬರೆಯುವವನು. ನನ್ನ ಧಣಿಗೆ ಎರಡನೇ ಅಂಗಡಿ ಇರುವುದು ಬಂಟ್ವಾಳದಲ್ಲಿ. ಐದು ವರ್ಷಕ್ಕೊಮ್ಮೆ ರಾಜ್ಯ ಬದಲಿಸುವವರ ಕಷ್ಟ ದಿಲ್ಲಿಗೆ ಗೊತ್ತಾಯಿತು, ದಿನಾ ಬದಲಿಸುವವರದು ಗೊತ್ತಾಗಲಿಲ್ಲ. ನಮ್ಮ ಆಟೋದವರ ಹತ್ತಿರ ಕೇಳು, ಕೆಎಲ್ ಆಟೋಗೆ ಆಚೆಯ ಪರ್ಮಿಟ್ ಇಲ್ಲ, ಗಡಿಯ ಹತ್ತಿರ ಇಳಿಸುತ್ತಾರೆ. ಮಂಡಿ ನೋವಿನ ಅಜ್ಜಿಯಂದಿರು ಚೀಲ ಹಿಡಿದು ನಡೆದು ಆ ಕಡೆಯ ಸಿಟಿ ಬಸ್ಸು ಹತ್ತಬೇಕು. 2020ರ ಮಾರ್ಚ್‌ನಲ್ಲಿ ಅದೇ ಗಡಿ ಮುಚ್ಚಿದರು, ಒಳದಾರಿಗಳಿಗೆ ಮಣ್ಣು ಸುರಿದರು, ಮಂಗಳೂರಿನ ಆಸ್ಪತ್ರೆಗೆ ಹೊರಟ ಆಂಬುಲೆನ್ಸ್‌ಗಳು ವಾಪಸು ಬಂದವು. ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಕೆಎಲ್ ಅಂದರೆ ಏನು ಅಂತ ನಮಗೆ ಆಗ ಗೊತ್ತಾದಷ್ಟು ಯಾವತ್ತೂ ಗೊತ್ತಾಗಿರಲಿಲ್ಲ. ನಾವು ಆಗಲೂ ಕನ್ನಡ ಪೇಪರೇ ಓದುತ್ತಿದ್ದೆವು ಮಾರಾಯ.

ವ್ಯಾಗನ್‌ಆರ್ ಕತೆ ಹೇಳಿ ಮುಗಿಸುತ್ತೇನೆ. ಎರಡೂ ಕಡೆಯ ಖರ್ಚು, ಏಜೆಂಟರ ಚಾರ್ಜು, ರಜೆ ಹಾಕಿದ ದಿನಗಳ ಸಂಬಳ ಎಲ್ಲ ಕೂಡಿಸಿ ನೋಡಿದಾಗ ಪುಕ್ಕಟೆ ಕಾರು ನನಗೆ ಕೈಗೆಟುಕಲಿಲ್ಲ. ಕಾಸರಗೋಡಿನಲ್ಲಿ ಒಬ್ಬರ ಹತ್ತಿರ ಅದಕ್ಕಿಂತ ಹಳೆಯ, ಏಸಿ ಸರಿ ಇಲ್ಲದ ಆಲ್ಟೊವನ್ನು ದುಡ್ಡು ಕೊಟ್ಟು ತೆಗೆದುಕೊಂಡೆ, ಕೆಎಲ್-14. ನೀನು ಮದುವೆಯಲ್ಲಿ ನೋಡಿ ನಕ್ಕದ್ದು ಅದನ್ನೇ. ಭಾವನ ಕಾರನ್ನು ಬ್ರೋಕರ್ ಮೂಲಕ ಉಡುಪಿಯ ಯಾರಿಗೋ ಕೊಡುವ ಮಾತು ನಡೆಯುತ್ತಿದೆ. ಕೊನೆಯ ಸಲ ನಾನು ಹೋದಾಗ ಬ್ಯಾಟರಿ ಇಳಿದಿತ್ತು, ಭಾವ ಮತ್ತು ನಾನು ತಳ್ಳಿ ಸ್ಟಾರ್ಟ್ ಮಾಡಿದೆವು. ಅಕ್ಕ ಇನ್ನೂ ಸಿಟ್ಟಿನಲ್ಲಿದ್ದಾಳೆ, ತವರಿಗೆ ಅಂತ ಕೊಟ್ಟದ್ದನ್ನು ಬೇಡ ಎಂದನಲ್ಲ ಅಂತ. ಅವಳಿಗೆ ಫಾರಂ 28 ಅಂದರೆ ಏನು ಅಂತ ಹೇಳಲು ಹೋಗಿ ಬೈಸಿಕೊಂಡಿದ್ದೇನೆ.