ಮ್ಯಾಡ್ರಿಡ್‌ನಲ್ಲಿ ಓದುವ ಸಸ್ಯಾಹಾರಿ ವಿದ್ಯಾರ್ಥಿಯ ದಿನನಿತ್ಯದ ಬದುಕು ಹೇಗಿರುತ್ತದೆ?

ಸೆಪ್ಟೆಂಬರ್‌ಗೆ ಮಾಸ್ಟರ್ಸ್ ಸೇರುತ್ತೇನೆ, ಸಸ್ಯಾಹಾರಿ, ಸ್ಪ್ಯಾನಿಷ್ ಅಷ್ಟಕ್ಕಷ್ಟೇ ಎಂದಿದ್ದೀರಿ. ಊಟದ ಚಿಂತೆ ನಿಮಗೆ ಹೆಚ್ಚಿರುವಂತಿದೆ. ಆದರೂ ನಾನು ಕಾಗದಪತ್ರದಿಂದಲೇ ಶುರುಮಾಡುತ್ತೇನೆ, ಯಾಕೆಂದರೆ ಗಡುವು ಇರುವುದು ಅದಕ್ಕೆ.

ಆರು ತಿಂಗಳಿಗಿಂತ ಹೆಚ್ಚು ಕಾಲ ಇರುವವರು ಸ್ಪೇನ್‌ಗೆ ಕಾಲಿಟ್ಟ ಒಂದು ತಿಂಗಳೊಳಗೆ ‘ತಿಯೆ’ ಎನ್ನುವ ಗುರುತಿನ ಚೀಟಿಗೆ ಅರ್ಜಿ ಹಾಕಬೇಕು. ಇಎಕ್ಸ್-17 ಅರ್ಜಿ, 790-012 ಚಲನ್ ಕಟ್ಟಿದ ರಸೀದಿ, ಪಾಸ್‌ಪೋರ್ಟ್, ವೀಸಾದ ಪ್ರತಿ, ಫೋಟೊ ಬೇಕು. ವಿಳಾಸ ನೋಂದಣಿಯ ಪತ್ರವನ್ನೂ ಹಲವು ಕಡೆ ಕೇಳುತ್ತಾರೆ. ಬೆರಳಚ್ಚು ಕೊಡಲು ಮೊದಲೇ ‘ಸೀತಾ ಪ್ರೆವಿಯಾ’, ಅಂದರೆ ಅಪಾಯಿಂಟ್‌ಮೆಂಟ್, ತೆಗೆದುಕೊಂಡಿರಬೇಕು. ಎಲ್ಲ ವಿದ್ಯಾರ್ಥಿಗಳೂ ಒಂದೇ ಹೊತ್ತಿಗೆ ಬಂದಿಳಿಯುವುದರಿಂದ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಅದು ಸಿಗುವುದೇ ಕಷ್ಟ. ಬಂದ ದಿನದಿಂದಲೇ ಹುಡುಕಿ. ಅಪಾಯಿಂಟ್‌ಮೆಂಟ್ ಪೂರ್ತಿ ಉಚಿತ, ದಲ್ಲಾಳಿಗಳಿಗೆ ದುಡ್ಡು ಕೊಡಬೇಡಿ. ಫ್ರಾಂಕ್‌ಫರ್ಟ್‌ನಂಥ ಊರಿನ ಮೂಲಕ ಬಂದರೆ ಪಾಸ್‌ಪೋರ್ಟ್‌ನಲ್ಲಿ ಸ್ಪೇನ್‌ನ ಮುದ್ರೆ ಬೀಳುವುದಿಲ್ಲ. ಬಂದ ದಿನಕ್ಕೆ ಪುರಾವೆಯಾಗಿ ಬೋರ್ಡಿಂಗ್ ಪಾಸ್ ಎಸೆಯದೆ ಇಟ್ಟುಕೊಳ್ಳಿ.

ವಿಳಾಸ ನೋಂದಣಿಗೆ ‘ಎಂಪಾದ್ರೊನಾಮಿಯೆಂತೊ’ ಎನ್ನುತ್ತಾರೆ. ನಗರಸಭೆಯಲ್ಲಿ ಮಾಡಿಸಬೇಕು. ಬಾಡಿಗೆ ಕರಾರು ಅಥವಾ ಮಾಲೀಕರ ಒಪ್ಪಿಗೆ ಇಲ್ಲದೆ ಆಗುವುದಿಲ್ಲ, ಕೆಲವು ಮಾಲೀಕರು ಒಪ್ಪುವುದೂ ಇಲ್ಲ. ಹಾಗಾಗಿ ರೂಮು ನೋಡುವಾಗಲೇ “ಮೆ ಪುಯೆದೊ ಎಂಪಾದ್ರೊನಾರ್?” (ಇಲ್ಲಿ ವಿಳಾಸ ನೋಂದಾಯಿಸಬಹುದೇ?) ಎಂದು ಕೇಳಿಬಿಡಿ. ರೂಮನ್ನು ಕಣ್ಣಾರೆ ನೋಡದೆ ಮುಂಗಡ ಕಳಿಸಬೇಡಿ, ಮೋಸ ನಡೆಯುವುದೇ ಅಲ್ಲಿ. ಮೊದಲ ಎರಡು ವಾರ ಹಾಸ್ಟೆಲ್‌ನಲ್ಲಿದ್ದು ಹುಡುಕುವುದು ಎಷ್ಟೋ ಮೇಲು. ಜಾಹೀರಾತಿನಲ್ಲಿ ‘ಇಂತೆರಿಯೋರ್’ ಎಂದಿದ್ದರೆ ಕಿಟಕಿ ಕಟ್ಟಡದ ಒಳಾಂಗಣಕ್ಕೆ ತೆರೆಯುತ್ತದೆ. ಬಾಡಿಗೆ ಕಡಿಮೆ, ಸದ್ದೂ ಕಡಿಮೆ, ಆದರೆ ಚಳಿಗಾಲದಲ್ಲಿ ಬೆಳಕಿರುವುದಿಲ್ಲ. ಕರೆಂಟು, ಹೀಟಿಂಗ್ ಬಾಡಿಗೆಯಲ್ಲೇ ಸೇರಿದೆಯೇ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ.

ಇನ್ನು ಅಡುಗೆಮನೆ. ನಮ್ಮವರು ಹೆಚ್ಚು ಎಡವುವುದು ಇಲ್ಲೇ. ಬಾಡಿಗೆ ಮನೆಗಳಲ್ಲಿ ಸಾಮಾನ್ಯವಾಗಿ ಗಾಜಿನ ಮೇಲ್ಮೈಯ ವಿದ್ಯುತ್ ಒಲೆ ಅಥವಾ ಇಂಡಕ್ಷನ್ ಇರುತ್ತದೆ. ಅಲ್ಯೂಮಿನಿಯಂ ಕುಕ್ಕರ್ ಇಂಡಕ್ಷನ್ ಮೇಲೆ ಬಿಸಿಯೇ ಆಗದು. ಇಂಡಕ್ಷನ್ ತಳದ ಮೂರು ಲೀಟರಿನ ಸ್ಟೀಲ್ ಕುಕ್ಕರ್ ಒಯ್ದರೆ ಎರಡೂ ಒಲೆಗೆ ಆಗುತ್ತದೆ, ಜೊತೆಗೊಂದು ಗ್ಯಾಸ್ಕೆಟ್ ಹೆಚ್ಚಿಗೆ ಇರಲಿ. ಪ್ರತಿ ಮನೆಗೂ ಇಷ್ಟೇ ಕಿಲೋವ್ಯಾಟ್ ಎಂದು ಕರಾರಿರುತ್ತದೆ, ಹಳೆಯ ಫ್ಲ್ಯಾಟ್‌ಗಳಲ್ಲಿ ಹಲವೆಡೆ 3.45. ಒಲೆ, ವಾಷಿಂಗ್ ಮಷಿನ್, ಹೀಟರ್ ಮೂರನ್ನೂ ಒಟ್ಟಿಗೆ ಹಾಕಿದರೆ ಕರೆಂಟು ಟ್ರಿಪ್ ಆಗುತ್ತದೆ. ಗಾಬರಿ ಬೇಡ, ಒಂದನ್ನು ಆಫ್ ಮಾಡಿ ಬಾಗಿಲ ಹತ್ತಿರದ ಪೆಟ್ಟಿಗೆಯಲ್ಲಿ ಸ್ವಿಚ್ ಮೇಲಕ್ಕೆತ್ತಿ. ನಮ್ಮ ಮೂರು ಪಿನ್ನಿನ ಪ್ಲಗ್ ಅಲ್ಲಿನ ಸಾಕೆಟ್‌ಗೆ ಕೂರುವುದಿಲ್ಲ, ಅಡಾಪ್ಟರ್ ಬೇಕು.

ಸಾಮಾನಿಗೆ ಅಷ್ಟು ತೊಂದರೆಯಿಲ್ಲ. ಕಡಲೆಕಾಳು, ಮಸೂರ, ಬೀನ್ಸ್ ಕಾಳು ಬೇಯಿಸಿದ್ದೇ ಗಾಜಿನ ಬಾಟಲಿಯಲ್ಲಿ ಅಗ್ಗಕ್ಕೆ ಸಿಗುತ್ತವೆ. ‘ಪಿಮೆಂತೊನ್’ ನೋಡಲು ಖಾರದ ಪುಡಿಯಂತಿದ್ದರೂ ಅನೇಕವು ಸಿಹಿ, ಹೊಗೆಯ ವಾಸನೆಯವು. ಸಾರಿಗೆ ಹಾಕಿದರೆ ಸಾರು ಕೆಡುತ್ತದೆ. ತೊಗರಿಬೇಳೆ, ಮಸಾಲೆಗೆ ಲಾವಾಪಿಯೆಸ್ ಬಡಾವಣೆಯ ಬಾಂಗ್ಲಾದೇಶಿ ಅಂಗಡಿಗಳಿವೆ. ಸಾರಿನ ಪುಡಿ ಮಾತ್ರ ಮನೆಯಿಂದಲೇ ಒಯ್ಯಿರಿ.

ಹೊರಗೆ ತಿನ್ನುವಾಗ “ಸಸ್ಯಾಹಾರಿ” ಎಂದರೆ ಸಾಲದು. ಹಂದಿಯ ‘ಹಮೋನ್’ ಮತ್ತು ಟ್ಯೂನಾ ಮೀನನ್ನು ಎಷ್ಟೋ ಕಡೆ ಮಾಂಸದ ಲೆಕ್ಕಕ್ಕೇ ಹಿಡಿಯುವುದಿಲ್ಲ. ‘ಬೊಕಾದಿಯೊ ವೆಹೆತಾಲ್’ ಎಂಬ ಸ್ಯಾಂಡ್‌ವಿಚ್‌ನಲ್ಲಿ ಟ್ಯೂನಾ, ಮೊಟ್ಟೆ ಇರುವುದು ಮಾಮೂಲು. ಮಿಶ್ರ ಸಲಾಡ್‌ನಲ್ಲೂ ಟ್ಯೂನಾ. ಸಾಲ್ಮೊರೆಹೊ ಎಂಬ ತಣ್ಣನೆಯ ಟೊಮೆಟೊ ಸೂಪಿನ ಮೇಲೆ ಹಮೋನ್ ಚೂರು ಉದುರಿಸುತ್ತಾರೆ. ಮಸೂರದ ಸಾರಿನಲ್ಲಿ ಹಂದಿಯ ಸಾಸೇಜ್ ಇರಬಹುದು, ಕ್ರಿಸ್‌ಮಸ್‌ನ ಪೊಲ್ವೊರೋನ್ ಸಿಹಿಯಲ್ಲೂ ಹಂದಿ ಕೊಬ್ಬು. “ಸಿನ್ ಕಾರ್ನೆ, ಸಿನ್ ಪೆಸ್ಕಾದೊ, ಸಿನ್ ಹಮೋನ್, ಸಿನ್ ಅತೂನ್” (ಮಾಂಸ, ಮೀನು, ಹಮೋನ್, ಟ್ಯೂನಾ ಇಲ್ಲದೆ) ಎಂದು ನಾಲ್ಕನ್ನೂ ಬಾಯಿಪಾಠ ಮಾಡಿಕೊಳ್ಳಿ. ಗಾಸ್ಪಾಚೊ ಎಂಬ ತಣ್ಣನೆಯ ತರಕಾರಿ ಸೂಪು, ಟೊಮೆಟೊ ಹಚ್ಚಿದ ಬ್ರೆಡ್, ಪಾದ್ರೋನ್ ಮೆಣಸಿನಕಾಯಿ ನಿಶ್ಚಿಂತೆಯಿಂದ ತಿನ್ನಬಹುದು, ಮೊಟ್ಟೆ ಆದೀತೆಂದರೆ ಆಲೂಗಡ್ಡೆಯ ಆಮ್ಲೆಟ್ಟಾದ ತೊರ್ತಿಯಾವನ್ನೂ.

ಹೊತ್ತಿನ ಲೆಕ್ಕಕ್ಕೆ ಮೈ ಒಗ್ಗಬೇಕು. ಮಧ್ಯಾಹ್ನದ ಊಟ 2ರಿಂದ 4, ರಾತ್ರಿಯದು 9ರ ಮೇಲೆ. ಸಂಜೆ 6ಕ್ಕೆ ಹೋದರೆ ಅನೇಕ ಹೋಟೆಲ್‌ಗಳ ಅಡುಗೆಮನೆ ಮುಚ್ಚಿರುತ್ತದೆ. ಬಡಾವಣೆಯ ಸಣ್ಣ ಅಂಗಡಿಗಳು 2ರಿಂದ 5 ಬಾಗಿಲು ಹಾಕುವುದುಂಟು. ಭಾರತ ಬೇಸಿಗೆಯಲ್ಲಿ ಮೂರೂವರೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಮುಂದಿದೆ. ಅಲ್ಲಿನ ರಾತ್ರಿಯೂಟದ ಹೊತ್ತಿಗೆ ಮನೆಯವರು ಮಲಗಿರುತ್ತಾರೆ, ಫೋನನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ. ಓಡಾಟಕ್ಕೆ 26 ತುಂಬದವರಿಗೆ ‘ಅಬೊನೊ ಹೊವೆನ್’ ಎಂಬ ಅಗ್ಗದ ತಿಂಗಳ ಪಾಸ್ ಇದೆ.

ಓದಿನ ವಿಚಾರದಲ್ಲಿ ಒಂದೇ ಎಚ್ಚರಿಕೆ. ಅಂಕ 10ಕ್ಕೆ, ಪಾಸಾಗಲು 5. ಕೊನೆಯ ಹದಿನೈದು ದಿನ ಓದಿ ದಾಟುವ ನಮ್ಮ ಅಭ್ಯಾಸ ಅಲ್ಲಿ ಸಾಗದು, ಹಾಜರಿ, ಪ್ರಬಂಧ, ಗುಂಪು ಕೆಲಸಗಳಿಗೆ ವರ್ಷವಿಡೀ ಅಂಕ ಕೊಡುತ್ತಿರುತ್ತಾರೆ. ಪ್ರತಿ ವಿಷಯದ ‘ಗೀಯಾ ದೊಸೆಂತೆ’ಯಲ್ಲಿ, ಅಂದರೆ ಪಠ್ಯಕ್ರಮದ ಕೈಪಿಡಿಯಲ್ಲಿ, ಯಾವುದಕ್ಕೆ ಶೇಕಡಾ ಎಷ್ಟು, ಪಾಠ ಯಾವ ಭಾಷೆಯಲ್ಲಿ ಎಂಬುದು ಬರೆದಿರುತ್ತದೆ. ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಅದು ಸಿಗುತ್ತದೆ, ವಿಷಯ ಆರಿಸಿಕೊಳ್ಳುವ ಮೊದಲೇ ಓದಿ. ಪಾಠ ಸ್ಪ್ಯಾನಿಷ್‌ನಲ್ಲಿದ್ದರೆ ಬಿ2 ಮಟ್ಟ (ಯುರೋಪಿನ ಭಾಷಾ ಅಳತೆಯಲ್ಲಿ ಮಧ್ಯಮಕ್ಕಿಂತ ಮೇಲಿನ ಹಂತ) ಇಲ್ಲದೆ ಮೊದಲ ಸೆಮಿಸ್ಟರ್ ತುಂಬಾ ಕಷ್ಟ, ಈಗಿನಿಂದಲೇ ದಿನಕ್ಕೊಂದು ಗಂಟೆ ಕೊಡಿ.